ಏಳುಬಾವಿ ಅಮ್ಮನ ಹುಗ್ಗಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನನ್ನಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಇದ್ದ ಕಾಲದಲ್ಲಿ, ಏಳುಬಾವಿ ಅಂತ ಒಂದು ಊರಿತ್ತಂತೆ. ಏಳು ಬಾವಿ ಎಲ್ಲಿದ್ವು ಅಂತ ಕೇಳಬೇಡ, ಇದ್ದಿದ್ದು ಮೂರೇ, ಊರಿನವರಿಗೆ ಸ್ವಲ್ಪ ಜಂಬ ಜಾಸ್ತಿ. ಕಾಲು ಚಾಚಿ ಮಲ್ಕೋ ಮಗಾ, ಕಣ್ಣು ಬೇಕಾದ್ರೆ ಮುಚ್ಕೋ, ಆದ್ರೆ ಹೂಂ ಅಂತಿರಬೇಕು. ನೀನು ಹೂಂ ಅನ್ನದಿದ್ರೆ ನಾನು ಗೋಡೆಗೆ ಕತೆ ಹೇಳಿದ ಹಾಗಾಗುತ್ತೆ.

ಆ ಊರಲ್ಲಿ ಒಬ್ಬಳು ದೇವಿ. ಏಳುಬಾವಿಯಮ್ಮ ಅಂತ ಹೆಸರು, ಎಲ್ಲರೂ ಬರೀ ಅಮ್ಮ ಅನ್ನೋರು. ಅಮ್ಮನಿಗೆ ದಿನಾ ಮಧ್ಯಾಹ್ನ ಒಂದು ಹಂಡೆ ಹುಗ್ಗಿ ನೈವೇದ್ಯ ಆಗಬೇಕು. ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ಮೇಲೆ ಕೈತುಂಬ ತುಪ್ಪ. ಈ ಹುಗ್ಗಿ ಮಾಡೋಳು ಹೊಂಬಾಳಕ್ಕ. ಅವಳ ಅತ್ತೆ ಮಾಡ್ತಿದ್ದಳಂತೆ, ಅತ್ತೆಯ ಅತ್ತೆ ಮಾಡ್ತಿದ್ದಳಂತೆ, ಹಾಗೆ ಆ ಮನೆಯ ಸೊಸೆಯ ಕೈಗೇ ಗುಡಿಯ ಸೌಟು ಬರೋದು.

ಅಲ್ಲಿ ಎರಡು ಕಟ್ಟಳೆ ಇತ್ತು, ಸರಿಯಾಗಿ ಕೇಳಿಸ್ಕೋ. ಒಂದು, ಹುಗ್ಗಿ ಬೇಯುವಾಗ ಅದರ ರುಚಿ ನೋಡೋ ಹಾಗಿಲ್ಲ, ವಾಸನೇನೂ ತಗೊಳ್ಳೋ ಹಾಗಿಲ್ಲ. ಅಮ್ಮನಿಗಿಂತ ಮುಂಚೆ ಅದು ಯಾರ ಮೂಗಿಗೂ ಹೋಗಬಾರದು. ಅದಕ್ಕೆ ಹೊಂಬಾಳಕ್ಕ ಮೂಗು ಬಾಯಿ ಎರಡಕ್ಕೂ ಮಡಿಬಟ್ಟೆ ಕಟ್ಟಿಕೊಂಡು, ಕಳ್ಳಿ ಥರ ಕಣ್ಣು ಮಾತ್ರ ಬಿಟ್ಟುಕೊಂಡು ಒಲೆ ಮುಂದೆ ನಿಲ್ಲೋಳು. ಎರಡನೇದು, ನೈವೇದ್ಯ ಆದಮೇಲೂ ಮಾಡಿದವಳು ಅದನ್ನ ತಿನ್ನೋ ಹಾಗಿಲ್ಲ. ತಿಂದ್ರೆ ಕೈಗೆ ಆಸೆ ಅಂಟುತ್ತೆ ಅಂತ. ಅವಳು ಮನೆಗೆ ಹೋಗಿ ಓರಗಿತ್ತಿ ಚಿಕ್ಕತಾಯಮ್ಮ ಬಡಿಸಿದ ಮುದ್ದೆ ಉಣ್ಣೋಳು. ಮೂವತ್ತು ವರ್ಷ ಹುಗ್ಗಿ ಮಾಡಿದ್ದಾಳೆ, ಒಂದು ಅಗುಳು ನಾಲಿಗೆಗೆ ಇಟ್ಟಿಲ್ಲ. ನೀನಾಗಿದ್ರೆ ಮೊದಲ್ನೇ ದಿನಾನೇ ಬೆರಳು ಅದ್ದಿರ್ತಿದ್ದೆ, ನಂಗೊತ್ತು.

ಸೌಟು ಕೈಗೆ ಬಂದಾಗ ಹೊಂಬಾಳಕ್ಕನಿಗೆ ಹದಿನೆಂಟು ವರ್ಷ. ಮೊದಲ್ನೇ ದಿನ ಹಂಡೆ ಇಳಿಸಿ, ಪರದೆ ಸರಿಸಿ, ದೀಪದ ಬೆಳಕಲ್ಲಿ ಅಮ್ಮನ ಮುಖ ನೋಡಿದಾಗ ಮೈಯೆಲ್ಲ ಜುಂ ಅಂದು, ಕಣ್ಣಲ್ಲಿ ನೀರು ದಳದಳ ಸುರಿದು, ಇವಳ ಅತ್ತೆ ಹೊಗೆ ಹೋಯ್ತೇನೋ ಅಂದುಕೊಂಡು ಕಣ್ಣಿಗೆ ಊದಿದ್ದಳಂತೆ. ಆಮೇಲೆ ಒಂದು ವರ್ಷ ಹೋಯ್ತು, ಹತ್ತು ಹೋಯ್ತು, ಇಪ್ಪತ್ತು ಹೋಯ್ತು. ಅಮ್ಮನ ವಿಗ್ರಹ ತೊಳೆದಿದ್ದು ಅವಳೇ, ದೀಪದ ಕಪ್ಪು ಕೆರೆದಿದ್ದು ಅವಳೇ, ಸೀರೆ ಒಗೆದು ಹರವಿದ್ದು ಅವಳೇ. ದಿನಾ ನೋಡೀ ನೋಡೀ ಅಮ್ಮನ ಮುಖ ಅವಳಿಗೆ ಮನೆಯ ಕಂಬದ ಹಾಗೆ ಆಗ್ಹೋಯ್ತು. ಇದೆ ಅಂತ ಗೊತ್ತು, ನೋಡೋಕೆ ಹೋಗೋದಿಲ್ಲ. ಕೈ ಮಾತ್ರ ತನ್ನ ಪಾಡಿಗೆ ತಾನು ಅಕ್ಕಿ ತೊಳೆಯೋದು, ಬೇಳೆ ಹುರಿಯೋದು, ಒಗ್ಗರಣೆ ಹಾಕೋದು. ಮನಸ್ಸು ಆ ಹೊತ್ತಿಗೆ ಎಮ್ಮೆ ಹಿಂದೆ ಹೋಗಿರೋದು, ಹಪ್ಪಳ ಒಣಗಿತೋ ಇಲ್ಲವೋ ಅಂತ ಅಟ್ಟ ಹತ್ತಿರೋದು.

ಇದು ಅವಳಿಗೆ ಗೊತ್ತೇ ಆಗ್ತಿರಲಿಲ್ಲವೇನೋ. ಆದರೆ ಒಂದು ದಿನ ಒಬ್ಬಳು ಮುದುಕಿ ಮೂರು ಹಗಲು ನಡೆದು, ಕಾಲೆಲ್ಲ ಬೊಬ್ಬೆ ಎಬ್ಬಿಸಿಕೊಂಡು ಅಮ್ಮನ್ನ ನೋಡೋಕೆ ಬಂದಳಂತೆ. ಬಂದವಳು ಪರದೆ ಸರೀತಿದ್ದ ಹಾಗೇ, ಬಂದೆ ಕಣವ್ವಾ, ಕಡೆಗೂ ಬಂದೆ ಕಣವ್ವಾ ಅಂತ ಜೋರಾಗಿ ಅತ್ತು, ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೊಂಬಾಳಕ್ಕನ ಎರಡೂ ಕೈ ಹಿಡಿದು, ಏನು ಪುಣ್ಯ ಮಾಡಿದ್ಯೇ ಮಗಳೇ, ದಿನಾ ಇವಳ ಪಕ್ಕದಲ್ಲೇ ಇರ್ತೀಯಲ್ಲ ಅಂದಳಂತೆ. ಹೊಂಬಾಳಕ್ಕ ಮುದುಕಿ ನೋಡಿದ ಕಡೆ ತಾನೂ ನೋಡಿದಳು. ಅಮ್ಮ ಕೂತಿದ್ದಳು. ದೀಪಕ್ಕೆ ಎಣ್ಣೆ ಕಡಿಮೆ ಆಗಿದೆ ಅಂತ ಕಾಣಿಸ್ತು. ಅಷ್ಟೇ. ಬೇರೇನೂ ಕಾಣಿಸಲಿಲ್ಲ.

ಅವತ್ತು ಅವಳು ಮುದ್ದೆ ಮುರಿದು ತಟ್ಟೇಲೇ ಬಿಟ್ಟಳು. ಚಿಕ್ಕತಾಯಮ್ಮ, ಯಾಕಕ್ಕ ಸಾರು ಹುಳಿಯಾಯ್ತಾ ಅಂದಳು. ಇಲ್ಲ ಕಣೇ, ನಾನು ಅಮ್ಮನಿಗೆ ಮೋಸ ಮಾಡ್ತಿದೀನಿ, ಮನಸ್ಸಿಲ್ಲದ ಕೈಯಲ್ಲಿ ಅವಳಿಗೆ ಉಣ್ಣಿಸ್ತಿದೀನಿ, ಈ ಹುಣ್ಣಿಮೆ ಒಳಗೆ ನನ್ನ ಮನಸ್ಸು ಅವಳ ಹತ್ತಿರ ವಾಪಸ್ ಬರದಿದ್ರೆ ಸೌಟು ನಿನ್ನ ಕೈಗೆ ಕೊಟ್ಟು ಗುಡಿ ಕಡೆ ತಲೆ ಹಾಕಲ್ಲ ಅಂದಳು. ಹೇಳಿದ್ದೇನೋ ಹೇಳಿಬಿಟ್ಟಳು. ಗಂಡ ಇಲ್ಲ, ಮಕ್ಕಳಿಲ್ಲ, ಆ ಸೌಟು ಬಿಟ್ರೆ ಅವಳದ್ದು ಅಂತ ಏನಿತ್ತು ಹೇಳು? ಚಿಕ್ಕತಾಯಮ್ಮನಿಗೂ ಗಾಬರಿ. ನಂಗೆ ಅಷ್ಟು ದೊಡ್ಡ ಹಂಡೆ ಎತ್ತೋಕೆ ಬರಲ್ಲಕ್ಕ, ಬೇಗ ಮನಸ್ಸು ವಾಪಸ್ ತಂದ್ಕೋ ಅಂದಳಂತೆ.

ಆಮೇಲೆ ಹೊಂಬಾಳಕ್ಕ ಪೂಜಾರಿ ಮರಿಗುಡ್ಡಯ್ಯನ ಹತ್ತಿರ ಹೋದಳು. ಅವನು ಚಿಕ್ಕ ವಯಸ್ಸಿನವನು, ಅಪ್ಪ ಹೋದಮೇಲೆ ಆರು ವರ್ಷದಿಂದ ಅವನೇ ಪೂಜೆ. ಗಂಟಲು ಮಾತ್ರ ಅರವತ್ತು ವರ್ಷದವನದ್ದು. ಹೊಂಬಾಳಕ್ಕ, ಇದಕ್ಕೆಲ್ಲ ಯೋಚನೆ ಮಾಡಬಾರದು, ಸೂರ್ಯ ಹುಟ್ಟೋ ಹೊತ್ತಿಗೆ ಗುಡಿ ಸುತ್ತ ನೂರೆಂಟು ಪ್ರದಕ್ಷಿಣೆ ಹಾಕು, ಭಕ್ತಿ ತಾನಾಗಿ ಬರುತ್ತೆ ಅಂದನಂತೆ. ಸರಿ ಅಂತ ಇವಳು ಸುತ್ತಿದಳು. ಲೆಕ್ಕ ತಪ್ಪಬಾರದು ಅಂತ ಸುತ್ತಿಗೊಂದು ಹುಣಸೇಬೀಜ ಸೊಂಟದಿಂದ ತೆಗೆದು ಮೆಟ್ಟಿಲ ಮೇಲೆ ಇಡ್ತಾ ಸುತ್ತಿದಳು. ನಲವತ್ತನೇ ಸುತ್ತಿಗೆ ಹಿಂದಿನ ಗೋಡೆ ಬಿರುಕು ಬಿಟ್ಟಿರೋದು ಕಾಣಿಸ್ತು, ಎಪ್ಪತ್ತನೇ ಸುತ್ತಿಗೆ ನಾಳೆಗೆ ಬೇಳೆ ಆರಿಸಿಲ್ಲ ಅನ್ನೋದು ನೆನಪಾಯ್ತು, ಎಂಬತ್ತನೇ ಸುತ್ತಿಗೆ ಒಂದು ಇಣಚಿ ಬಂದು ಹುಣಸೇಬೀಜ ಎತ್ಕೊಂಡು ಓಡಿತು. ನೂರೆಂಟು ಆಯ್ತೋ, ತೊಂಬತ್ತೇ ಆಯ್ತೋ, ನೂರೈವತ್ತು ಆಯ್ತೋ, ಆ ಇಣಚಿಗೇ ಗೊತ್ತು. ಮಂಡಿ ನೋವು ಬಂತು. ಭಕ್ತಿ ಬರಲಿಲ್ಲ.

ಆಮೇಲೆ ಆಲದ ಮರದ ಕೆಳಗೆ ಒಬ್ಬ ಬೈರಾಗಿ ಬಂದು ಕೂತಿದ್ದನಂತೆ, ಅವನನ್ನ ಕೇಳಿದಳು. ಅವನು ಮಾತೇ ಆಡೋನಲ್ಲ. ಬಾಯಿ ಮೇಲೆ ಬೆರಳಿಟ್ಟು ತೋರಿಸಿದ, ಕಣ್ಣು ಮುಚ್ಚಿ ತೋರಿಸಿದ, ಮೂರು ಬೆರಳು ಎತ್ತಿ ತೋರಿಸಿದ. ಮೂರು ದಿನ ಮೌನ, ಬಿಡುವಾದಾಗೆಲ್ಲ ಕಣ್ಣು ಮುಚ್ಚಿ ಧ್ಯಾನ ಅಂತ ಇವಳು ಅರ್ಥ ಮಾಡಿಕೊಂಡು ಹಿತ್ತಲ ಜಗಲಿ ಮೇಲೆ ಕೂತಳು. ಕಣ್ಣು ಮುಚ್ಚಿದ್ರೆ ಕಿವಿ ತೆರ್ಕೊಂಡು ಬಿಡ್ತು. ಪಕ್ಕದ ಮನೆ ಹಾಲು ಉಕ್ಕೋದು ಕೇಳಿಸ್ತು, ಆ ಮನೆಯವಳಿಗೆ ಹೇಳೋಣ ಅಂದ್ರೆ ಮೌನ. ಕೈ ಚಪ್ಪಾಳೆ ತಟ್ಟಿದಳು, ಅವಳು ಬರಲಿಲ್ಲ. ಕಲ್ಲು ಎಸೆದಳು, ಹೋಗಿ ಪಾತ್ರೆಗೇ ಬಿತ್ತು. ಅವಳು ಹೊರಗೆ ಬಂದು ಯಾವ ಮುಂಡೇಗಂಡನೋ ಇವನು ಅಂತ ಬೈದಿದ್ದೆಲ್ಲ ಇವಳು ಕಣ್ಣು ಮುಚ್ಚಿಕೊಂಡೇ ಕೇಳಬೇಕಾಯ್ತು. ಎರಡನೇ ದಿನ ಧ್ಯಾನದಲ್ಲಿ ಗೊರಕೆ ಹೊಡೆದಳಂತೆ. ಮೂರನೇ ದಿನವೂ ಅಷ್ಟೇ. ನಗಬೇಡ, ನೀನೂ ಈಗ ಅದೇ ಧ್ಯಾನಕ್ಕೆ ಹೊರಟಿರೋ ಹಾಗಿದೆ. ಹೂಂ ಅನ್ನು.

ಹುಣ್ಣಿಮೆಗೆ ಇನ್ನು ನಾಲ್ಕೇ ದಿನ ಇತ್ತು. ಹೊಂಬಾಳಕ್ಕ ಸೌಟು ತಿಕ್ಕಿ ತಿಕ್ಕಿ ಫಳಫಳ ಹೊಳೆಸಿದಳು, ಕೊಡೋ ವಸ್ತು ಚೆನ್ನಾಗಿರಲಿ ಅಂತ. ಅದನ್ನ ನೋಡಿ ಚಿಕ್ಕತಾಯಮ್ಮನಿಗೆ ತಡೀಲಿಲ್ಲ. ಅಕ್ಕಾ, ನೀನು ಮೂವತ್ತು ವರ್ಷದಿಂದ ಹಿತ್ತಲ ಬಾಗಿಲಲ್ಲಿ ಗುಡಿಗೆ ಹೋಗಿ ಹಿತ್ತಲ ಬಾಗಿಲಲ್ಲೇ ವಾಪಸ್ ಬರ್ತೀಯ, ಒಂದು ದಿನ ಮುಂದಿನ ಬಾಗಿಲಿಂದ ಹೋಗಿ ಎಲ್ಲರ ಜೊತೆ ಸಾಲಲ್ಲಿ ನಿಲ್ಲು, ಅವರಿಗೆ ಕಾಣೋದು ನಿಂಗೂ ಕಂಡರೂ ಕಾಣಬಹುದು ಅಂದಳಂತೆ.

ಅದೂ ಆಗಲಿ ಅಂತ ಹೊಂಬಾಳಕ್ಕ ಮಾರನೇ ದಿನ ಹುಗ್ಗಿ ಮಾಡಿ ಇಳಿಸಿ, ಮುಖದ ಬಟ್ಟೆ ಬಿಚ್ಚಿ, ಚಿಕ್ಕತಾಯಮ್ಮನ ಸೀರೆ ಉಟ್ಟು, ಸೆರಗು ಮೂಗಿನ ತನಕ ಎಳೆದುಕೊಂಡು, ಊರು ಸುತ್ತಿ ಬಂದು ಮುಂದಿನ ಬಾಗಿಲಲ್ಲಿ ಸಾಲಿಗೆ ನಿಂತಳು. ಯಾರಿಗೂ ಗುರುತು ಸಿಕ್ಕಲಿಲ್ಲ. ಬಿಸಿಲಲ್ಲಿ ನಿಂತಳು, ಕಾಲು ಸುಟ್ಟಿತು, ಹಿಂದಿನವರು ನೂಕಿದರು, ಮುಂದಿನವಳ ಮಗು ಇವಳ ಸೆರಗಿಗೆ ಮೂಗು ಒರೆಸಿತು. ಪರದೆ ಸರೀತು. ಎಲ್ಲರೂ ಅಮ್ಮಾ ಅಂದರು, ಇವಳೂ ಅಂದಳು. ಏನೂ ಆಗಲಿಲ್ಲ. ಆಮೇಲೆ ಪೂಜಾರಿ ಬಂದು ಎಲ್ಲರ ಕೈಗೂ ಮುತ್ತುಗದ ಎಲೇಲಿ ಹುಗ್ಗಿ ಕೊಟ್ಟ, ಇವಳ ಕೈಗೂ ಕೊಟ್ಟ.

ಕಟ್ಟಳೆ ನೆನಪಿಲ್ವಾ? ಮಾಡಿದವಳು ತಿನ್ನಬಾರದು. ಹೊಂಬಾಳಕ್ಕ ಎಲೆ ಹಿಡ್ಕೊಂಡು ಅತ್ತ ಇತ್ತ ನೋಡಿದಳು. ಆದ್ರೆ ಪ್ರಸಾದ ಚೆಲ್ಲೋ ಹಾಗಿದೆಯಾ? ಅದೂ ಇಲ್ಲ. ಹುಣ್ಣಿಮೆಗೆ ಹೇಗೂ ಸೌಟು ಬಿಡೋಳು ನಾನು, ತಪ್ಪಾದ್ರೆ ಆಗಲಿ ತಾಯಿ ಅಂದುಕೊಂಡು ಒಂದು ತುತ್ತು ಬಾಯಿಗೆ ಇಟ್ಟಳಂತೆ.

ಸಪ್ಪೆ!

ಒಂದು ಕಲ್ಲು ಉಪ್ಪಿಲ್ಲ. ಮೆಣಸಿದೆ, ತುಪ್ಪ ಇದೆ, ಗಮ್ ಅಂತಿದೆ, ಉಪ್ಪು ಮಾತ್ರ ಇಲ್ಲ. ಇನ್ನೊಂದು ತುತ್ತು ಇಟ್ಟಳು, ಅದೂ ಸಪ್ಪೆ. ಅಕ್ಕಪಕ್ಕ ನೋಡ್ತಾಳೆ, ಎಲ್ಲರೂ ಆಹಾ ಅಮೃತ, ಆಹಾ ಅಮೃತ ಅಂತಿದ್ದಾರೆ, ಅಂತಾ ಅಂತಾನೇ ಸೊಂಟದಿಂದ, ಸೆರಗಿನ ತುದಿಯಿಂದ, ಪಂಚೆಯ ಗಂಟಿಂದ ಏನನ್ನೋ ಬಿಚ್ಚಿ ಎಲೆ ಮೇಲೆ ಉದುರಿಸ್ಕೊಳ್ತಿದ್ದಾರೆ. ಪಕ್ಕದಲ್ಲಿ ಬಳೆ ಮಾರೋ ನಂಜವ್ವ ನಿಂತಿದ್ದಳು. ಇದೇನು ತಾಯಿ ನೀವು ಉದುರಿಸ್ಕೊಳ್ಳೋದು ಅಂತ ಹೊಂಬಾಳಕ್ಕ ಮೆತ್ತಗೆ ಕೇಳಿದಳು. ಉಪ್ಪು ಕಣಮ್ಮ, ಹೊಸಬಳಾ ನೀನು, ಈ ಗುಡಿಗೆ ಉಪ್ಪಿನ ಗಂಟು ಇಲ್ದೆ ಯಾರಾದ್ರೂ ಬರ್ತಾರಾ, ತಗೋ ನಂದೇ ಒಂದು ಚಿಟಿಕೆ ಅಂತ ಅವಳು ಹಾಕಿದಳು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದ್ರೆ, ನಾನು ಈ ಊರಿಗೆ ಬಳೆ ತಂದಾಗಿಂದ, ಏಳು ವರ್ಷ ಆಯ್ತು ಅಂದಳು. ಅದು ಅಮ್ಮನ ಆಣೆ ಕಣಮ್ಮ. ಅಮ್ಮನಿಗೆ ಸಮುದ್ರರಾಜ ಅಣ್ಣ ಆಗಬೇಕು. ಗೌರಿಹಬ್ಬಕ್ಕೆ ತವರಿಗೆ ಕರೆಯೋಕೆ ಬರ್ತೀನಿ ಅಂದವನು ಬರಲಿಲ್ಲ. ಅಮ್ಮ ಬಾಗಿಲಲ್ಲಿ ಕಾದೂ ಕಾದೂ ಮುನಿಸ್ಕೊಂಡು, ನಿನ್ನ ಮನೆ ಉಪ್ಪು ನಂಗೆ ಇನ್ನು ಬೇಡ ಅಂದುಬಿಟ್ಟಳು. ಹೇಳ್ತಾ ಹೇಳ್ತಾ ನಂಜವ್ವನ ಕಣ್ಣಲ್ಲಿ ನೀರು. ಸುತ್ತ ನಿಂತಿದ್ದ ಹೆಂಗಸರೂ ತಮ್ಮ ತಮ್ಮ ಅಣ್ಣಂದಿರನ್ನ ನೆನೆಸ್ಕೊಂಡು ಒಂದೊಂದು ಸಲ ಮೂಗು ಸೀಟಿದರಂತೆ.

ಹೊಂಬಾಳಕ್ಕ ಎಲೆ ಕೆಳಗೆ ಇಡದೆ ಒಂದೇ ಓಟಕ್ಕೆ ಅಡುಗೆಮನೆಗೆ ಬಂದಳು. ಒಲೆಯ ಬಲಗಡೆ ಗೋಡೇಲಿ ಒಂದು ಗೂಡು. ಅದರಲ್ಲಿ ಉಪ್ಪಿನ ಮಡಕೆ ಇರೋದು, ಅತ್ತೆಯ ಕಾಲದಿಂದ. ನೋಡ್ತಾಳೆ, ಗೂಡು ಖಾಲಿ! ಒಳಗೆ ಒಂದು ಹಲ್ಲಿ ಸಂಸಾರ ಹೂಡಿತ್ತು. ದಿನಾ ಬರೋ ಕೈ ಅಂತ ಅದಕ್ಕೂ ಅಭ್ಯಾಸ, ಅಲ್ಲಾಡಲೂ ಇಲ್ಲ. ಏಳು ವರ್ಷದ ಹಿಂದೆ ಗೋಡೆಗೆ ಸುಣ್ಣ ಬಳಿಯೋರು ಬಂದಿದ್ದಾಗ ಮಡಕೆ ತೆಗೆದು ಬಾಗಿಲ ಹಿಂದೆ ಇಟ್ಟಿದ್ದರು, ವಾಪಸ್ ಇಟ್ಟಿರಲಿಲ್ಲ. ಹೋಗಿ ನೋಡಿದ್ರೆ ಅಲ್ಲೇ ಇದೆ, ಉಪ್ಪೆಲ್ಲ ಗಟ್ಟಿಯಾಗಿ ಬಂಡೆ. ಏಳು ವರ್ಷ ಇವಳ ಕೈ ಖಾಲಿ ಗೂಡಿಗೆ ಹೋಗಿ, ಮುಷ್ಟಿ ತುಂಬ ಗಾಳಿ ಹಿಡ್ಕೊಂಡು ಬಂದು, ಹಂಡೆಗೆ ಹಾಕಿ, ಕೈ ಕೊಡವಿಕೊಂಡಿತ್ತು. ಮೊದಲ್ನೇ ದಿನ ಜನ ಒಂದಿನ ಮರೆತಿರಬೇಕು ಅಂದುಕೊಂಡರು. ಎರಡನೇ ದಿನ ಪ್ರಸಾದಕ್ಕೆ ಹೆಸರಿಡಬಾರದು ಅಂದುಕೊಂಡರು. ಮೂರನೇ ದಿನ ಮನೆಯಿಂದ ಉಪ್ಪು ತಂದರು. ಆಮೇಲೆ ಯಾರೋ ಯಾಕೆ ಅಂತ ಕೇಳಿದ್ರು, ಇನ್ಯಾರೋ ಸಮುದ್ರರಾಜನ ಕತೆ ಹೇಳಿದ್ರು.

ಹೊಂಬಾಳಕ್ಕ ಗರ್ಭಗುಡಿ ಬಾಗಿಲಿಗೆ ಬಂದಳು. ಜನ ಎಲ್ಲ ಹೊರಗೆ ಜಗಲೀಲಿ ಊಟ ಮಾಡ್ತಿದ್ರು, ಒಳಗೆ ಅಮ್ಮ ಒಬ್ಬಳೇ. ಇವಳಿಗೆ ಮೊದಲು ಸಿಟ್ಟು ಬಂತಂತೆ. ಅಲ್ಲವೇ, ನಿಂಗೆ ಬಾಯಿ ಇರ್ಲಿಲ್ವಾ? ಏಳು ವರ್ಷ ಸಪ್ಪೆ ಹುಗ್ಗಿ ಉಂಡ್ಯಲ್ಲ, ಒಂದು ದಿನ ಕನಸಲ್ಲಿ ಬಂದು ಲೇ ಹೊಂಬಾಳೀ ಉಪ್ಪು ಹಾಕೇ ಅನ್ನಬಾರದಾಗಿತ್ತಾ? ಹಂಡೆ ಒಡೀಬಾರದಾಗಿತ್ತಾ? ಒಲೆ ಆರಿಸಬಾರದಾಗಿತ್ತಾ? ನಮ್ಮತ್ತೆ ಒಂದು ದಿನ ಸಾರಿಗೆ ಉಪ್ಪು ಕಡಿಮೆ ಆದ್ರೆ ತಟ್ಟೆ ತಳ್ಳೋಳು, ನೀನು ಒಂದು ದಿನಾನೂ ತಳ್ಳಲಿಲ್ಲವಲ್ಲೇ ತಾಯಿ, ಮಾಡಿದೋಳಿಗೆ ಬೇಜಾರಾಗುತ್ತೆ ಅಂತ ಸುಮ್ಮನೆ ಉಂಡ್ಯಾ? ಅಲ್ಲಿಗೆ ಬಂದಾಗ ಅವಳ ಸಿಟ್ಟು ಇಳಿದುಹೋಯ್ತು. ಬಾಗಿಲ ಚೌಕಟ್ಟು ಹಿಡ್ಕೊಂಡು ಅತ್ತಳು, ಅಳ್ತಾ ಅಳ್ತಾ ಗಾಳಿ ತುಂಬಿದ ಮುಷ್ಟಿ ನೆನಪಾಗಿ ನಗು ಬಂತು, ನಗು ಬಂದು ಮತ್ತೆ ಅಳು ಬಂತು. ಎಷ್ಟೋ ವರ್ಷ ಆದಮೇಲೆ ಅವತ್ತೇ ಅವಳು ಅಮ್ಮನ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದಂತೆ.

ಆಮೇಲೆ ಕಣ್ಣು ಒರೆಸ್ಕೊಂಡು ಹೊರಗೆ ಬಂದು, ಜಗಲೀಲಿದ್ದ ಎಲ್ಲರ ಮುಂದೆ ನಿಂತು ಹೇಳೇಬಿಟ್ಟಳು. ಅಣ್ಣನ ಮೇಲೆ ಮುನಿಸೂ ಇಲ್ಲ ಆಣೆನೂ ಇಲ್ಲ, ನಾನು ಉಪ್ಪು ಹಾಕೋದು ಮರೆತಿದ್ದೆ, ನಾಳೆಯಿಂದ ಹಾಕ್ತೀನಿ ಅಂತ.

ಯಾರೂ ನಂಬಲಿಲ್ಲ ಕಣೇ! ಮರಿಗುಡ್ಡಯ್ಯನ ಮುಖ ಬಿಳಿಚಿಕೊಂಡಿತು. ಏನು ಮಾತಾಡ್ತೀಯ ಹೊಂಬಾಳಕ್ಕ, ಏಳು ಹಳ್ಳಿಯವರು ಉಪ್ಪಿಲ್ಲದ ಹುಗ್ಗಿಗೆ ಹರಕೆ ಹೊತ್ತಿದ್ದಾರೆ, ನಾನು ಸಮುದ್ರರಾಜನ ಮೇಲೆ ಹಾಡು ಕಟ್ಟಿದೀನಿ ಅಂದ. ನಂಜವ್ವ, ಅಮ್ಮನೇ ನಿನ್ನ ಕೈ ತಡೆದಿದ್ದಾಳೆ ಕಣಕ್ಕ, ಅವಳ ಲೀಲೆ ನಿಂಗೆ ಅರ್ಥ ಆಗಿಲ್ಲ ಅಂದಳು. ಹೊಂಬಾಳಕ್ಕ, ನನ್ನ ಮರೆವನ್ನ ಅಮ್ಮನ ತಲೆಗೆ ಕಟ್ಟಬೇಡ್ರವ್ವ, ಅವಳು ಏನೂ ತಡೀಲಿಲ್ಲ, ನನ್ನ ಮನಸ್ಸು ಅಲ್ಲಿರಲಿಲ್ಲ ಅಂದಳು. ಆಗ ಊರಿನ ಯಜಮಾನ ತಿರುಮಳೇಗೌಡ ಮೀಸೆ ಒರೆಸ್ಕೊಂಡು, ನಿಜವಾಗಲೂ ಮರೆತಿದ್ರೆ ಏಳು ವರ್ಷ ಮನಸ್ಸಿಲ್ಲದೆ ಮಾಡಿದೋಳ ಕೈಲಿ ಸೌಟು ಯಾಕಿರಬೇಕು, ಕೊಡು ಇಲ್ಲಿ ಅಂತ ಕೈ ನೀಡಿದನಂತೆ.

ನೋಡು, ನೆನ್ನೆ ತನಕ ಅವಳೇ ಕೊಡೋಕೆ ಹೊರಟಿದ್ದಳು. ಅಡುಗೆಮನೆಯಿಂದ ಬರುವಾಗ ಸಿಕ್ಕಿಸ್ಕೊಂಡಿದ್ದ ಸೌಟು ಸೊಂಟದಲ್ಲೇ ಇತ್ತು, ಹೊಳೀತಾ ಇತ್ತು. ಹೊಂಬಾಳಕ್ಕ ಅದನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡಳು. ಕೊಡಲ್ಲ ಗೌಡ್ರೇ. ಏಳು ವರ್ಷ ಅವಳಿಗೆ ಸಪ್ಪೆ ಉಣ್ಣಿಸಿದೀನಿ, ಈಗ ಅದನ್ನ ಸರಿಮಾಡದೆ ಹೆಂಗೆ ಹೋಗಲಿ? ಮೂರು ದಿನ ಕೊಡಿ. ಮೂರನೇ ದಿನಾನೂ ಸರಿ ಬರಲಿಲ್ಲ ಅಂದ್ರೆ ನೀವು ಕೇಳೋದೇ ಬೇಡ, ನಾನೇ ತಂದು ಕೊಡ್ತೀನಿ ಅಂದಳು. ಚಿಕ್ಕತಾಯಮ್ಮ ಹಿಂದಿನಿಂದ, ಕೊಡಿ ಗೌಡ್ರೇ ಕೊಡಿ, ಆ ಹಂಡೆ ನಂಗೆ ಎತ್ತೋಕಾಗಲ್ಲ ಅಂತ ಕೂಗಿದಳಂತೆ. ಗೌಡ ನೀಡಿದ ಕೈ ಹಿಂದಕ್ಕೆ ತಗೊಂಡ. ನೀನ್ಯಾಕೆ ಏಳು ವರ್ಷ ಹೇಳಲಿಲ್ಲವೇ ಮಾರಾಯ್ತಿ ಅಂತ ಹೊಂಬಾಳಕ್ಕ ತಿರುಗಿ ನೋಡಿದ್ರೆ, ಪ್ರಸಾದ ಸಪ್ಪೆ ಅಂದ್ರೆ ನಾಲಿಗೆ ಬಿದ್ದೋಗುತ್ತೆ ಅಂತ ನಮ್ಮ ತವರಲ್ಲಿ ಅವ್ವ ಹೇಳಿದ್ಲು ಅಂದಳು.

ಮಾರನೇ ದಿನ ಹೊಂಬಾಳಕ್ಕ ಹೊಸ ಉಪ್ಪು ತಂದಿಟ್ಟು, ಮೂಗು ಬಾಯಿ ಕಟ್ಟಿಕೊಂಡು, ಹಂಡೆ ಮುಂದೆ ನಿಂತಳು. ಎಷ್ಟು ಹಾಕೋದು? ಕೈಗೆ ಅಳತೆ ಮರೆತೇ ಹೋಗಿತ್ತು. ರುಚಿ ನೋಡೋ ಹಾಗಿಲ್ಲ. ಏಳು ವರ್ಷದ ಬಾಕಿ ಬೇರೆ ಎದೇಲಿ ಕೂತಿತ್ತು, ಪಾಪ ಸಪ್ಪೆ ತಿಂದು ತಿಂದು ಸಾಕಾಗಿದ್ದಾಳೆ ಅಂತ ಒಂದು ಮುಷ್ಟಿ ಜಾಸ್ತಿನೇ ಹಾಕಿದಳು. ಹೊರಗಿನವರೋ, ಇವಳ ಮಾತು ನಂಬದೆ ತಮ್ಮ ಗಂಟಿಂದ ಎಂದಿನ ಹಾಗೆ ಇನ್ನೊಂದಷ್ಟು ಉದುರಿಸ್ಕೊಂಡು ಬಾಯಿಗೆ ಇಟ್ಟರು. ಅಯ್ಯಯ್ಯೋ! ಗೌಡನ ಮೀಸೆ ನೆಟ್ಟಗೆ ನಿಂತುಕೊಳ್ತು. ಮರಿಗುಡ್ಡಯ್ಯ ಆಹಾ ಅಮೃ ಅಂತ ಶುರುಮಾಡಿದವನು ತ ಅನ್ನೋಕೆ ಆಗದೆ ಬಾವಿ ಕಡೆ ಓಡಿದ. ನಂಜವ್ವ ಕೆಮ್ಮಿ ಕೆಮ್ಮಿ ಅವಳ ಬುಟ್ಟಿಯ ಬಳೆಗಳೆಲ್ಲ ಝಣಝಣ ಅಂದ್ವು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದ್ರು. ಆಮೇಲೆ ಯಾರೋ ಒಬ್ಬಳು, ನಂಗಂತೂ ಉಪ್ಪು ಜಾಸ್ತಿ ಅನ್ನಿಸ್ತಪ್ಪ ಅಂದಳು ನೋಡು, ಇಡೀ ಜಗಲಿ ಗೊಳ್ ಅಂತ ನಕ್ಕುಬಿಡ್ತಂತೆ. ಹಂಗಾದ್ರೆ ನಿಜವಾಗಲೂ ಹಾಕಿದಾಳೆ ಕಣ್ರೋ, ನಿಜವಾಗಲೂ ಮರೆತಿದ್ದಳು ಕಣ್ರೋ ಅಂದರಂತೆ.

ಎರಡನೇ ದಿನ ಭಯಕ್ಕೆ ನಾಲ್ಕು ಕಲ್ಲು ಹಾಕಿದಳು, ಸಪ್ಪೆಯಾಯ್ತು. ಅವತ್ತು ಜನ ಸುಮ್ಮನಿರಲಿಲ್ಲ. ಅಡುಗೆಮನೆ ಬಾಗಿಲಿಗೇ ಬಂದು, ಅಕ್ಕಾ ಇನ್ನೊಂದು ಸ್ವಲ್ಪ ಬೇಕಿತ್ತು ಅಂತ ಹೇಳಿಹೋದರು.

ಮೂರನೇ ದಿನ ಹುಣ್ಣಿಮೆ. ಉಪ್ಪು ಹಾಕೋ ಹೊತ್ತಿಗೆ ಹೊಂಬಾಳಕ್ಕ ಮುಷ್ಟಿ ಹಿಡ್ಕೊಂಡು ನಿಂತಳು, ಹಾಕೋಕೆ ಧೈರ್ಯ ಬರಲಿಲ್ಲ. ಯಾರನ್ನ ಕೇಳೋದು? ಉಣ್ಣೋಳನ್ನೇ ಕೇಳಬೇಕಲ್ಲ. ಮುಷ್ಟಿ ಹಾಗೇ ಹಿಡ್ಕೊಂಡು ಗರ್ಭಗುಡಿ ಬಾಗಿಲಿಗೆ ಓಡಿ, ಬೆರಳು ಬಿಚ್ಚಿ ಅಮ್ಮನಿಗೆ ತೋರಿಸಿ, ಇಷ್ಟು ಸಾಕೇನೇ ಅಂದಳು. ಅಮ್ಮನ ಮುಖವನ್ನೇ ನೋಡ್ತಾ ನಿಂತಳು. ಏನು ಕಾಣಿಸ್ತೋ, ಒಂದು ಚಿಟಿಕೆ ವಾಪಸ್ ಇಟ್ಟು ಉಳಿದಿದ್ದನ್ನ ಹಾಕಿದಳು.

ಅಮ್ಮ ನಿಜವಾಗಲೂ ಹೇಳಿದ್ಲಾ ಅಂತೀಯ? ನಂಗೇನು ಗೊತ್ತೇ, ನಾನೇನು ಅಲ್ಲಿದ್ನಾ?

ಅವತ್ತು ಹುಗ್ಗಿ ತಿಂದು ಯಾರೂ ಆಹಾ ಅನ್ನಲಿಲ್ಲವಂತೆ. ಯಾರಿಗೂ ಮಾತಾಡೋಕೆ ಪುರಸೊತ್ತಿರಲಿಲ್ಲ. ತಿರುಮಳೇಗೌಡ ಎಲೆ ನೆಕ್ಕಿ, ಇನ್ನೊಂದು ಎಲೆ ಕೇಳಿ, ಅದನ್ನೂ ನೆಕ್ಕಿ, ಸೌಟಿನ ಮಾತೇ ಎತ್ತದೆ ಮನೆಗೆ ಹೋದ. ಚಿಕ್ಕತಾಯಮ್ಮ ಸಮಾಧಾನದ ಉಸಿರು ಬಿಟ್ಟಳು. ಮರಿಗುಡ್ಡಯ್ಯನಿಗೆ ಹಾಡು ದಂಡ ಆಯ್ತಲ್ಲ ಅಂತ ಎರಡು ದಿನ ಬೇಜಾರಿತ್ತಂತೆ, ಆಮೇಲೆ ಅಣ್ಣ ಬಂದು ಕೈ ಹಿಡಿದು ರಾಜಿ ಮಾಡ್ಕೊಂಡ ಅಂತ ಇನ್ನೊಂದು ನುಡಿ ಸೇರಿಸಿದನಂತೆ.

ಹೊಂಬಾಳಕ್ಕನ ಕೈಗೆ ಮಾತ್ರ ಆ ಅಳತೆ ಮತ್ತೆ ಯಾವತ್ತೂ ಕೂತುಕೊಳ್ಳಲಿಲ್ಲ. ದಿನಾ ಹಂಡೆ ಕುದಿಯೋ ಹೊತ್ತಿಗೆ ಮುಷ್ಟಿ ತುಂಬ ಉಪ್ಪು ಹಿಡ್ಕೊಂಡು ಗರ್ಭಗುಡಿಗೆ ಓಡೋಳು, ದಾರಿ ಉದ್ದಕ್ಕೂ ಚೆಲ್ಲೋಳು, ಮರಿಗುಡ್ಡಯ್ಯ ಈಗ ತಾನೇ ಗುಡಿಸಿದ್ದೆ ಅಂತ ಬೈಯೋನು. ಇವಳಿಗೆ ಅದು ಕೇಳಿಸ್ತಾನೇ ಇರಲಿಲ್ಲ. ಬಾಗಿಲಲ್ಲಿ ನಿಂತು ಅಮ್ಮನ ಮುಖ ನೋಡಿ, ಇವತ್ತು ಸೆಕೆ ಜಾಸ್ತಿ, ಒಂದು ಕಲ್ಲು ಹೆಚ್ಚಿಗೆ ಹಾಕಲಾ ಅಂತ ಕೇಳ್ತಾ ಇರೋಳಂತೆ.

ಹುಗ್ಗಿ ಹಂಡೆ ಖಾಲಿ, ಕತೆ ಹಂಡೆನೂ ಖಾಲಿ. ಹೂಂ ಅಂತಿಲ್ವಲ್ಲ... ಮಲಗಿಬಿಟ್ಯಾ ಮಗಾ? ಮಲ್ಕೋ.